ಬಿಷಪ್ ವಿ. ಎಸ್. ಅಜರಯ್ಯ: ಬದುಕು, ಸೇವೆ ಮತ್ತು ಸಭಾಚಿಂತನೆ

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ (1874–1945) ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ದೋರ್ನಕಲ್‌ನಲ್ಲಿ ಅವರು 32 ವರ್ಷ ಬಿಷಪ್ಪರಾಗಿದ್ದರು. ತೆಲುಗು ಸೀಮೆಯ ಹಳ್ಳಿಗಳಲ್ಲಿ ಅತ್ಯಂತ ಕೆಳಗೆ ತಳ್ಳಲ್ಪಟ್ಟಿದ್ದ ಜನರ ನಡುವೆ ದೊಡ್ಡ ಸಭೆಯೊಂದನ್ನು ಕಟ್ಟಿದರು. ಬೇರೆ ಬೇರೆ ಪಂಗಡಗಳಾಗಿ ಒಡೆದುಹೋಗಿದ್ದ ಪ್ರಾಟೆಸ್ಟಂಟ್ ಸಭೆಗಳನ್ನು ಒಂದುಗೂಡಿಸಲು ಕಾಲು ಶತಮಾನ ದುಡಿದರು. ಆ ದುಡಿಮೆಯ ಫಲವೇ 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.

ಅಜರಯ್ಯನವರು ವಿಶ್ವವಿದ್ಯಾಲಯದ ಪೀಠದಲ್ಲಿ ಕೂತು ಗ್ರಂಥ ರಚಿಸಿದ ಪಂಡಿತರಲ್ಲ. ಅವರ ದೇವಶಾಸ್ತ್ರವೆಲ್ಲ ಸಭೆ ಎಂದರೇನು ಎಂಬ ಒಂದೇ ಪ್ರಶ್ನೆಯ ಸುತ್ತ ಬೆಳೆದದ್ದು. ಬಿಳಿಯ ಮಿಷನರಿ ಮತ್ತು ಭಾರತೀಯ ಸಹೋದ್ಯೋಗಿ, ಮಾಲ ಮತ್ತು ಮಾದಿಗ, ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಒಂದೇ ಪಂಕ್ತಿಯಲ್ಲಿ ಕೂರಲಾರದಿದ್ದರೆ ಅದನ್ನು ಕ್ರಿಸ್ತನ ಸಭೆ ಎನ್ನಲು ಬರುವುದಿಲ್ಲ ಎಂಬುದು ಅವರು ಕಂಡುಕೊಂಡ ಉತ್ತರ. ಅವರ ಬದುಕಿನ ಒಂದೊಂದು ಘಟ್ಟವೂ ಈ ಉತ್ತರವನ್ನು ಆಚರಣೆಗೆ ತರುವ ಪ್ರಯತ್ನವಾಗಿತ್ತು.

ಹುಟ್ಟು ಮತ್ತು ವಿದ್ಯಾಭ್ಯಾಸ

ಅಜರಯ್ಯ ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಿರುನೆಲ್ವೇಲಿ ಜಿಲ್ಲೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಥಾಮಸ್ ವೇದನಾಯಗಂ ಅದೇ ಊರಿನ ಸಭಾಪಾಲಕರು, ತಾಯಿ ಎಲೆನ್. ಮನೆತನ ನಾಡಾರ್ ಸಮುದಾಯಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾತಿಯ ಅವಮಾನವನ್ನು ಎದುರಿಸಿ ಶಿಕ್ಷಣ, ವ್ಯಾಪಾರ ಮತ್ತು ಸಂಘಟನೆಯ ಬಲದಿಂದ ಮೇಲೆದ್ದ ಸಮುದಾಯವದು. ತಿರುನೆಲ್ವೇಲಿಯ ಆಂಗ್ಲಿಕನ್ ಸಭೆಯಲ್ಲಿ ಅವರ ಸಂಖ್ಯೆ ದೊಡ್ಡದು. ಹಳ್ಳಿಯ ಜನ ಒಟ್ಟೊಟ್ಟಾಗಿ ಕ್ರೈಸ್ತರಾದಾಗ ಶಾಲೆ, ದೇವಾಲಯ, ಕೂಡುಜೀವನ ಹೇಗೆ ಬೆಳೆಯುತ್ತವೆ ಎಂಬುದನ್ನು ಅಜರಯ್ಯ ಬಾಲ್ಯದಲ್ಲೇ ಕಂಡಿದ್ದರು. ಮುಂದೆ ತೆಲುಗು ಸೀಮೆಯಲ್ಲಿ ಈ ತಿಳಿವಳಿಕೆ ಅವರ ಕೈಹಿಡಿಯಿತು.

1889ರಲ್ಲಿ ತಂದೆ ತೀರಿಕೊಂಡರು. ಮೆಯ್ಞಾನಪುರಂ ಮತ್ತು ತಿರುನೆಲ್ವೇಲಿಯ ಶಾಲೆಗಳಲ್ಲಿ ಓದು ಮುಗಿಸಿದ ಅಜರಯ್ಯ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ಪ್ರಾಂಶುಪಾಲ ವಿಲಿಯಂ ಮಿಲ್ಲರ್ ಅವರ ಕಾಲದ ಆ ಕಾಲೇಜಿನಲ್ಲಿ ಹಲವು ಪಂಗಡ, ಹಲವು ಧರ್ಮಗಳ ವಿದ್ಯಾರ್ಥಿಗಳು ಒಟ್ಟಿಗೆ ಓದುತ್ತಿದ್ದರು. ಅಂತಿಮ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದದ್ದರಿಂದ ಅವರಿಗೆ ಪದವಿ ಸಿಗಲಿಲ್ಲ. 1895ರಲ್ಲಿ ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿ ದಕ್ಷಿಣ ಭಾರತದ ಊರೂರು ಸುತ್ತಿದರು. ಅಮೆರಿಕದಿಂದ ಬಂದಿದ್ದ ಶೆರ್ವುಡ್ ಎಡ್ಡಿ ಈ ಕೆಲಸದಲ್ಲಿ ಅವರ ಜೊತೆಗಾರ. ಜನಾಂಗಭೇದ ಮೀರಿದ ಗೆಳೆತನ ಸಾಧ್ಯ ಎಂಬ ನಂಬಿಕೆ ಅಜರಯ್ಯನವರಲ್ಲಿ ಬೇರೂರಿದ್ದು ಈ ಒಡನಾಟದಿಂದ. 1898ರಲ್ಲಿ ಅನ್ಬು ಮರಿಯಮ್ಮಾಳ್ ಅವರೊಂದಿಗೆ ವಿವಾಹವಾಯಿತು. ದಕ್ಷಿಣ ಭಾರತದಲ್ಲಿ ಕಾಲೇಜು ಶಿಕ್ಷಣ ಪಡೆದ ಮೊದಲ ಕ್ರೈಸ್ತ ಮಹಿಳೆಯರಲ್ಲಿ ಅವರೂ ಒಬ್ಬರು.

ಭಾರತೀಯರದೇ ಮಿಷನರಿ ಸಂಘಗಳು

1902ರಲ್ಲಿ ಅಜರಯ್ಯ ಶ್ರೀಲಂಕಾದ ಜಾಫ್ನಾಕ್ಕೆ ಹೋದರು. ಅಲ್ಲಿನ ತಮಿಳು ಕ್ರೈಸ್ತರು ತಾವೇ ಹಣ ಕೂಡಿಸಿ ಬೇರೆಡೆಗೆ ಸುವಾರ್ತಿಕರನ್ನು ಕಳಿಸುತ್ತಿದ್ದುದನ್ನು ನೋಡಿದರು. ತಲೆಮಾರುಗಳಿಂದ ಕ್ರೈಸ್ತವಾಗಿದ್ದ ತಿರುನೆಲ್ವೇಲಿಯಲ್ಲಿ ಅಂಥದ್ದೇನೂ ಇರಲಿಲ್ಲ. ವಿದೇಶಿ ಸಂಘಗಳು ಕೊಟ್ಟದ್ದನ್ನು ಪಡೆಯುವುದಷ್ಟೇ ಅಲ್ಲಿನ ಸಭೆಗೆ ರೂಢಿಯಾಗಿತ್ತು. 1903ರ ಫೆಬ್ರವರಿಯಲ್ಲಿ ಅವರ ಮುತುವರ್ಜಿಯಿಂದ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘ ಹುಟ್ಟಿತು. ಕೆಲಸಗಾರರೂ ಹಣವೂ ಆಡಳಿತವೂ ಭಾರತದ್ದೇ ಆಗಿರಬೇಕೆಂಬುದು ಅದರ ನಿಯಮ. ಮನೆಯೊಡತಿಯರು ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲವೂ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಹಾಗೆ ಕೂಡಿದ ಅಕ್ಕಿ ಸಭೆಯ ಕೆಲಸಕ್ಕೆ ಹೋಗುತ್ತಿತ್ತು. ಇಂಥ ಹಿಡಿಯಕ್ಕಿಯ ಕಾಣಿಕೆಯೂ ಸೇರಿ ಸಂಘದ ಖರ್ಚು ನಡೆಯುತ್ತಿತ್ತು.

ಸಂಘ ತನ್ನ ಕೆಲಸಕ್ಕೆ ಆರಿಸಿಕೊಂಡದ್ದು ದೋರ್ನಕಲ್ ಸೀಮೆಯನ್ನು. ಈಗ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿರುವ ಈ ಊರು ಅಂದು ಕಾಡಂಚಿನ ಒಂದು ರೈಲು ಜಂಕ್ಷನ್. ತಮಿಳರಿಗೆ ಅಲ್ಲಿನ ಭಾಷೆ, ಊಟ, ರೀತಿ ರಿವಾಜು ಎಲ್ಲವೂ ಹೊಸದು. 1905ರ ಡಿಸೆಂಬರ್ 25ರಂದು ಬಂಗಾಳದ ಸೆರಾಂಪುರದಲ್ಲಿ ರಾಷ್ಟ್ರೀಯ ಮಿಷನರಿ ಸಂಘವೂ ಸ್ಥಾಪನೆಯಾಯಿತು. ಎಲ್ಲ ಪ್ರಾಂತಗಳ, ಎಲ್ಲ ಪಂಗಡಗಳ ಭಾರತೀಯ ಕ್ರೈಸ್ತರನ್ನು ಸೇರಿಸಿಕೊಂಡ ಈ ಸಂಸ್ಥೆಗೂ ಅಜರಯ್ಯನವರೇ ಕಾರ್ಯದರ್ಶಿ. ವಂಗಭಂಗದ ವಿರುದ್ಧ ಸ್ವದೇಶಿ ಚಳವಳಿ ಎದ್ದಿದ್ದ ವರ್ಷವದು. ಸ್ವಾವಲಂಬನೆಯ ಆ ಗಾಳಿ ಭಾರತೀಯ ಸಭೆಯೊಳಗೂ ಬೀಸಿತ್ತು.

ಇತರರಿಗೆ ಕರೆ ಕೊಟ್ಟು ತಾವು ಸುಮ್ಮನಿರುವುದು ಅಜರಯ್ಯನವರಿಂದ ಆಗಲಿಲ್ಲ. ವೈ.ಎಂ.ಸಿ.ಎ.ಯ ಹುದ್ದೆ ಬಿಟ್ಟು 1909ರಲ್ಲಿ ಗುರುದೀಕ್ಷೆ ಪಡೆದು, ಹೆಂಡತಿ ಮಕ್ಕಳೊಂದಿಗೆ ದೋರ್ನಕಲ್‌ಗೆ ಹೋದರು. ಮೂವತ್ತೈದರ ವಯಸ್ಸಿನಲ್ಲಿ ತೆಲುಗು ಕಲಿತರು.

ಎಡಿನ್‌ಬರೋ, 1910

1910ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕೂ ಕಡಿಮೆ. ವಿದೇಶಿ ಮಿಷನರಿ ಮತ್ತು ಸ್ಥಳೀಯ ಕೆಲಸಗಾರರ ಸಹಕಾರ ಎಂಬ ವಿಷಯದ ಮೇಲೆ ಅಜರಯ್ಯ ಮಾತಾಡಬೇಕಿತ್ತು. ಸಾಮ್ರಾಜ್ಯದ ಆತ್ಮವಿಶ್ವಾಸ ತುಂಬಿ ತುಳುಕುತ್ತಿದ್ದ ಆ ಸಭೆಯಲ್ಲಿ ಅವರು ಅಳುಕದೆ ಸತ್ಯ ನುಡಿದರು. ಮಿಷನರಿ ಮತ್ತು ಭಾರತೀಯ ಕೆಲಸಗಾರನ ಸಂಬಂಧ ಬಹುಪಾಲು ಯಜಮಾನ ಮತ್ತು ಆಳಿನ ಸಂಬಂಧದಂತಿದೆ, ಹಣವಿರುವವನು ಆಜ್ಞೆ ಮಾಡುತ್ತಾನೆ, ಸಂಬಳ ಪಡೆಯುವವನು ತಲೆಬಾಗುತ್ತಾನೆ, ಒಬ್ಬರ ಮನೆಗೊಬ್ಬರು ಹೋಗಿಬರುವ ಆತ್ಮೀಯತೆ ಬೆಳೆದಿಲ್ಲ ಎಂಬುದು ಅವರ ಮಾತಿನ ತಿರುಳು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪ್ರೀತಿಯನ್ನು ಕುರಿತ ಅಧ್ಯಾಯವೊಂದಿದೆ. ಆಸ್ತಿಯನ್ನೂ ದೇಹವನ್ನೂ ಕೊಟ್ಟರೂ ಪ್ರೀತಿಯಿಲ್ಲದಿದ್ದರೆ ಏನೂ ಇಲ್ಲವೆಂದು ಅದು ಸಾರುತ್ತದೆ. ಅಜರಯ್ಯ ಆ ಅಧ್ಯಾಯವನ್ನೇ ಆಧಾರವಾಗಿಟ್ಟುಕೊಂಡು, ಮಿಷನರಿಗಳ ತ್ಯಾಗವನ್ನು ಕೃತಜ್ಞತೆಯಿಂದ ನೆನೆದು, ಭಾರತಕ್ಕೆ ಈಗ ಬೇಕಾಗಿರುವುದು ಸ್ನೇಹಿತರು ಎಂದು ಕೇಳಿಕೊಂಡರು.

ಸಭಿಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಸಭಾಚರಿತ್ರೆಯಲ್ಲಿ ಮತ್ತೆ ಮತ್ತೆ ನೆನಪಿಗೆ ಬರುವ ಭಾಷಣಗಳಲ್ಲಿ ಇದೂ ಒಂದಾಗಿ ಉಳಿಯಿತು. ಮಿಷನರಿಯ ನಡತೆಯನ್ನು ಅವರು ಶಿಷ್ಟಾಚಾರದ ಪ್ರಶ್ನೆಯಾಗಿ ನೋಡಲಿಲ್ಲ. ಒಂದೇ ಕರ್ತನ ಭೋಜನದಲ್ಲಿ ಪಾಲ್ಗೊಳ್ಳುವವರು ಮನೆಯ ಊಟದಲ್ಲಿ ದೂರ ಕೂರುವುದು ಆ ಸಂಸ್ಕಾರಕ್ಕೇ ಅಪಚಾರ ಎಂದು ಬಗೆದರು.

ಬಿಷಪ್ ಪಟ್ಟ

ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅಜರಯ್ಯನವರ ಶಕ್ತಿಯನ್ನು ಗುರುತಿಸಿದ್ದರು. ಭಾರತೀಯನೊಬ್ಬನನ್ನು ಬಿಷಪ್ ಮಾಡಬೇಕೆಂಬ ಅವರ ಸಲಹೆಗೆ ಎರಡೂ ಕಡೆಯಿಂದ ವಿರೋಧ ಬಂತು. ಭಾರತೀಯನ ಅಧಿಕಾರದ ಕೆಳಗೆ ಕೆಲಸ ಮಾಡಲು ಹಲವು ಯುರೋಪಿಯನ್ನರಿಗೆ ಮನಸ್ಸಿರಲಿಲ್ಲ. ನಾಡಾರ್ ಸಮುದಾಯದ ವ್ಯಕ್ತಿಗೆ ಈ ಗೌರವ ಸಲ್ಲುವುದು ಭಾರತೀಯ ಕ್ರೈಸ್ತರಲ್ಲೇ ಕೆಲವರಿಗೆ ಸೈರಣೆಯಾಗಲಿಲ್ಲ. ವಿರೋಧವನ್ನು ದಾಟಿ 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಆಗ ಭಾರತದ ಮೆಟ್ರೊಪಾಲಿಟನ್ (ಆಂಗ್ಲಿಕನ್ ಸಭೆಯ ಮುಖ್ಯ ಬಿಷಪ್) ಆಗಿದ್ದವರು ಬಿಷಪ್ ಕಾಪಲ್‌ಸ್ಟನ್.

ಮೊದಲಿಗೆ ಅವರ ಪಾಲಿಗೆ ಬಂದ ಸೀಮೆ ಚಿಕ್ಕದು. 1920ರ ಆಸುಪಾಸಿನಲ್ಲಿ ಸಿ.ಎಂ.ಎಸ್. ಎಂಬ ಇಂಗ್ಲಿಷ್ ಮಿಷನರಿ ಸಂಘದ ಕೃಷ್ಣಾ ಸೀಮೆಯ ಸಭೆಗಳೂ ಎಸ್.ಪಿ.ಜಿ. ಎಂಬ ಇನ್ನೊಂದು ಸಂಘದ ನಂದ್ಯಾಲ ಭಾಗದ ಸಭೆಗಳೂ ದೋರ್ನಕಲ್‌ಗೆ ಸೇರಿದವು. ಇಂಗ್ಲಿಷ್ ಮಿಷನರಿಗಳು ಭಾರತೀಯ ಬಿಷಪ್ಪರ ಆಡಳಿತಕ್ಕೆ ಒಳಪಟ್ಟರು. ವಸಾಹತು ಭಾರತದಲ್ಲಿ ತೀರಾ ಅಪರೂಪದ ನೋಟವದು. ಅಜರಯ್ಯ ಬದುಕಿದ್ದಷ್ಟು ಕಾಲವೂ, ಆಂಗ್ಲಿಕನ್ ಸಭಾಪ್ರಾಂತವೊಂದರ ಪೂರ್ಣ ಹೊಣೆ ಹೊತ್ತ ಇನ್ನೊಬ್ಬ ಭಾರತೀಯ ಇರಲಿಲ್ಲ.

ದೋರ್ನಕಲ್‌ನ ಹಳ್ಳಿಗಳು

ಈ ಸೀಮೆಯಲ್ಲಿ ಸಭೆಗೆ ಬಂದವರಲ್ಲಿ ಹೆಚ್ಚಿನವರು ಮಾಲ ಮತ್ತು ಮಾದಿಗ ಸಮುದಾಯದ ಕೂಲಿಕಾರರು. ಊರ ಹೊರಗೆ ವಾಸ, ಊರ ಬಾವಿಗೆ ಪ್ರವೇಶವಿಲ್ಲ, ಜಮೀನ್ದಾರರ ಸಾಲದಿಂದ ಬಿಡುಗಡೆಯಿಲ್ಲ. ಒಬ್ಬೊಬ್ಬರಾಗಿ ಬಾರದೆ ಕೇರಿಗೆ ಕೇರಿಯೇ ದೀಕ್ಷಾಸ್ನಾನ ಕೇಳುತ್ತಿತ್ತು. 1930ರ ದಶಕದ ನಡುವಿನ ಹೊತ್ತಿಗೆ ಸಭಾಪ್ರಾಂತದ ಜನಸಂಖ್ಯೆ ಎರಡು ಲಕ್ಷವನ್ನು ಮೀರಿತ್ತು. ಇವರ ನಡತೆಯಲ್ಲಿ ಕಂಡ ಬದಲಾವಣೆಯಿಂದ ಶೂದ್ರ ಜಾತಿಗಳ ಕೆಲವು ಕುಟುಂಬಗಳೂ ಸಭೆಯತ್ತ ತಿರುಗಿದವು. ಅಸ್ಪೃಶ್ಯರು ಮೇಲಿನವರಿಗೆ ಬೋಧಕರಾದ ಈ ಸಂಗತಿ ಅಜರಯ್ಯನವರಿಗೆ ಬಹಳ ಮಹತ್ವದ್ದಾಗಿ ಕಂಡಿತು.

ಎತ್ತಿನ ಗಾಡಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಅಲ್ಲೇ ಬಿಡಾರ ಹೂಡಿ, ಜನರನ್ನು ಹೆಸರು ಹಿಡಿದು ಮಾತಾಡಿಸುವುದು ಅವರ ಕ್ರಮ. ಹೊಲಸು, ರೋಗ, ಸಾಲ, ಕುಡಿತ ಇವು ಹಳ್ಳಿಯನ್ನು ಹಿಡಿದ ನಾಲ್ಕು ಪೀಡೆಗಳೆಂದು ಹೇಳಿ, ಇವನ್ನು ತೊಲಗಿಸುವುದೂ ಸುವಾರ್ತೆಯ ಭಾಗವೇ ಎಂದು ಬೋಧಿಸುತ್ತಿದ್ದರು. ದೀಕ್ಷಾಸ್ನಾನ ಪಡೆದವರಿಗೆ ಅವರು ಕಲಿಸಿದ ಒಂದು ಪದ್ಧತಿ ಪ್ರಸಿದ್ಧ. ಸ್ನಾನ ಪಡೆದವನು ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು, ತಾನು ದೀಕ್ಷಾಸ್ನಾನ ಹೊಂದಿದವನೆಂದೂ ಸುವಾರ್ತೆ ಸಾರದಿದ್ದರೆ ತನಗೆ ಕೇಡೆಂದೂ ಬಾಯಿಬಿಟ್ಟು ಹೇಳಬೇಕು. ಓದುಬರಹ ಬಾರದ ಕೂಲಿಯವನೂ ಹೊಣೆ ಹೊತ್ತ ಸಾಕ್ಷಿ ಎಂಬ ಗೌರವ ಈ ಒಂದು ಕ್ರಿಯೆಯಲ್ಲಿ ಅವನಿಗೆ ಸಲ್ಲುತ್ತಿತ್ತು.

ಹಳ್ಳಿಯ ಸಭಾಪಾಲಕರನ್ನು ದೋರ್ನಕಲ್‌ನಲ್ಲೇ, ತೆಲುಗಿನಲ್ಲೇ ತರಬೇತುಗೊಳಿಸಲಾಗುತ್ತಿತ್ತು. ಅವರ ಹೆಂಡತಿಯರಿಗೂ ಜೊತೆಯಲ್ಲೇ ಪಾಠ ನಡೆಯುತ್ತಿತ್ತು. ಹಳ್ಳಿಯ ಹೆಂಗಸರ ನಡುವಿನ ಕೆಲಸದಲ್ಲಿ ಅನ್ಬು ಅವರ ಪಾಲು ದೊಡ್ಡದು. ಸುಗ್ಗಿಯ ಆರಾಧನೆಗೆ ಜನ ಧಾನ್ಯ, ತರಕಾರಿ, ಕೋಳಿ, ಮೇಕೆ ತರುತ್ತಿದ್ದರು. ಬಡವನೂ ಕೊಡಬೇಕು, ಕೊಡುವುದರಿಂದಲೇ ಅವನ ಸ್ವಾಭಿಮಾನ ಬೆಳೆಯುತ್ತದೆ ಎಂಬ ನಿಲುವನ್ನು ಅವರು ಕ್ರೈಸ್ತ ದಾನವನ್ನು ಕುರಿತ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ತೆಲುಗು ಕೀರ್ತನೆ, ಕೋಲಾಟ, ನಾಟಕಗಳಿಗೆ ಸಭೆಯಲ್ಲಿ ಜಾಗ ಸಿಕ್ಕಿತು. ಇದರ ಜೊತೆಗೇ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಕ್ರಮವನ್ನೂ ಬಿಷಪ್ಪರ ಪಾರಂಪರಿಕ ಉಡುಪನ್ನೂ ಅವರು ಬಿಡಲಿಲ್ಲ. ವಿಶ್ವಸಭೆಯ ಪರಂಪರೆ ಭಾರತೀಯರಿಗೂ ಹಕ್ಕಿನಿಂದ ಸೇರಿದ್ದು ಎಂಬುದು ಅವರ ವಾದ.

ಎಪಿಫನಿ ಕೆಥೆಡ್ರಲ್

ಅಜರಯ್ಯನವರ ಚಿಂತನೆ ಕಲ್ಲು ಗಾರೆಯಲ್ಲಿ ಕಾಣುವುದು ದೋರ್ನಕಲ್‌ನ ಎಪಿಫನಿ ಕೆಥೆಡ್ರಲ್‌ನಲ್ಲಿ. ಹಣದ ಅಡಚಣೆಯಿಂದ ಕಟ್ಟಡದ ಕೆಲಸ ಕಾಲು ಶತಮಾನದಷ್ಟು ಎಳೆಯಿತು. 1939ರ ಜನವರಿ 6ರಂದು, ಎಪಿಫನಿ ಹಬ್ಬದ ದಿನವೇ ಅದರ ಪ್ರತಿಷ್ಠೆ ನಡೆಯಿತು. ಪೂರ್ವದೇಶದ ಜ್ಞಾನಿಗಳು ಶಿಶು ಯೇಸುವನ್ನು ಕಂಡು ಕಾಣಿಕೆ ಅರ್ಪಿಸಿದ್ದನ್ನು ನೆನೆಯುವ ಹಬ್ಬವಿದು. ಎಲ್ಲ ಜನಾಂಗಗಳೂ ತಮ್ಮ ತಮ್ಮ ಸಂಪತ್ತನ್ನು ತರಬೇಕೆಂಬ ಆಶಯ ಕಟ್ಟಡದಲ್ಲೂ ಇದೆ. ಹಿಂದೂ ದೇವಾಲಯದ ಮಂಟಪವನ್ನು ನೆನಪಿಸುವ ಕಂಬಗಳು, ಮುಸ್ಲಿಂ ವಾಸ್ತುವಿನ ಗುಮ್ಮಟ ಮತ್ತು ಮಿನಾರುಗಳು, ಕಮಲದ ಮೇಲೆ ನಿಂತ ಶಿಲುಬೆ ಇಲ್ಲಿ ಒಂದಾಗಿವೆ. ಇಂಗ್ಲೆಂಡಿನ ಗಾಥಿಕ್ ಶೈಲಿಯನ್ನು ಹಾಗೇ ತಂದಿಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದು ದಿಟ್ಟ ಆಯ್ಕೆ.

ಗಾಂಧೀಜಿ, ಅಂಬೇಡ್ಕರ್ ಮತ್ತು ಮತಾಂತರದ ಪ್ರಶ್ನೆ

1930ರ ದಶಕದಲ್ಲಿ ಅಜರಯ್ಯನವರ ಕೆಲಸ ರಾಷ್ಟ್ರೀಯ ಚರ್ಚೆಗೆ ಬಂತು. ಬ್ರಿಟಿಷ್ ಸರ್ಕಾರದ 1932ರ ಕೋಮುವಾರು ತೀರ್ಪು ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ ನೀಡಿತು. ಅಜರಯ್ಯ ಅದನ್ನು ಬಲವಾಗಿ ವಿರೋಧಿಸಿದರು. ಎಲ್ಲರಿಗೂ ತೆರೆದ ಸಭೆಯನ್ನು ಮತಗಳ ಲೆಕ್ಕದ ರಾಜಕೀಯ ಕೋಮನ್ನಾಗಿ ಮಾಡುವುದು ಅದರ ಸ್ವಭಾವಕ್ಕೇ ವಿರುದ್ಧ ಎಂಬುದು ಅವರ ಆಕ್ಷೇಪ. ಪ್ರತ್ಯೇಕ ಮತಕ್ಷೇತ್ರ ಬೇಡವೆಂಬ ಮಟ್ಟಿಗೆ ಅವರದೂ ಗಾಂಧೀಜಿಯವರದೂ ಒಂದೇ ದಾರಿ.

ಮತಾಂತರದ ವಿಷಯದಲ್ಲಿ ಇಬ್ಬರೂ ಎದುರುಬದುರಾದರು. ಕ್ರೈಸ್ತರು ಹರಿಜನರ ಸೇವೆ ಮಾಡಲಿ, ಮತಾಂತರ ಬೇಡ, ಬಡತನದ ಒತ್ತಡದಲ್ಲಿ ನಡೆಯುವ ಸಾಮೂಹಿಕ ಮತಾಂತರದಲ್ಲಿ ಆತ್ಮದ ನಿಜವಾದ ಬದಲಾವಣೆ ಇಲ್ಲ ಎಂಬುದು ಗಾಂಧೀಜಿಯವರ ನಿಲುವು. ಬಡವರಿಗೂ ಅಕ್ಷರ ತಿಳಿಯದವರಿಗೂ ತಮ್ಮ ಧರ್ಮವನ್ನು ತಾವೇ ಆರಿಸಿಕೊಳ್ಳುವ ವಿವೇಕವಿದೆ ಎಂದು ಅಜರಯ್ಯ ಉತ್ತರಿಸಿದರು. ನಂಬಿಕೆ ಮನಸ್ಸಿನ ಒಳಗೇ ಉಳಿಯುವ ಸಂಗತಿಯಲ್ಲ, ದೀಕ್ಷಾಸ್ನಾನ ಮನುಷ್ಯನನ್ನು ಹೊಸ ಬಳಗಕ್ಕೆ ಸೇರಿಸುತ್ತದೆ, ಜಾತಿಯಿಂದ ನೊಂದವನಿಗೆ ಆ ಬಳಗವೇ ಬಿಡುಗಡೆಯ ನೆಲೆ ಎಂಬುದು ಅವರ ದೇವಶಾಸ್ತ್ರದ ನಡುಗಂಬ. ದೀಕ್ಷಾಸ್ನಾನವನ್ನು ಕುರಿತೇ ಅವರು ಒಂದು ಕಿರುಪುಸ್ತಕ ಬರೆದರು.

ಹಿಂದೂವಾಗಿ ಸಾಯುವುದಿಲ್ಲವೆಂದು 1935ರ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ ಸಾರಿದ ಅಂಬೇಡ್ಕರ್ ಅವರೊಂದಿಗೂ ಅಜರಯ್ಯನವರ ಮಾತುಕತೆ ನಡೆದಿತ್ತೆಂದು ಅವರ ನಿಕಟವರ್ತಿಗಳು ದಾಖಲಿಸಿದ್ದಾರೆ. ತಮ್ಮ ಜನ ಕ್ರೈಸ್ತರಾದರೆ ಎಲ್ಲಿದ್ದರೂ ಒಂದೇ ಸಭೆಯಾಗಿ, ಜಾತಿಯ ಸೋಂಕಿಲ್ಲದೆ ಬದುಕಬಹುದೇ ಎಂಬ ಪ್ರಶ್ನೆಯನ್ನು ಅಂಬೇಡ್ಕರ್ ಅಲ್ಲಿ ಎತ್ತಿದರು. ಹೌದೆಂದು ಹೇಳಲಾಗದೆ ಅಜರಯ್ಯ ನಾಚಿಕೆಪಟ್ಟರು. ಪಂಗಡಗಳ ಒಡಕೂ ಸಭೆಯೊಳಗಿನ ಜಾತಿಯೂ ಒಂದೇ ರೋಗದ ಎರಡು ಮುಖಗಳೆಂಬ ಅವರ ತಿಳಿವಿಗೆ ಈ ಪ್ರಸಂಗ ಇನ್ನಷ್ಟು ತೀವ್ರತೆ ತಂದಿತು.

ಸಭೆಗಳ ಐಕ್ಯ

ಐಕ್ಯದ ಪ್ರಯತ್ನಕ್ಕೆ ಮೊದಲ ಹೆಜ್ಜೆ ಬಿದ್ದದ್ದು 1919ರ ಮೇ ತಿಂಗಳಲ್ಲಿ, ತರಂಗಂಬಾಡಿಯಲ್ಲಿ. ಅಲ್ಲಿ ಸೇರಿದ 33 ಸಭಾಪಾಲಕರಲ್ಲಿ ಇಬ್ಬರ ಹೊರತು ಉಳಿದವರೆಲ್ಲ ಭಾರತೀಯರು. ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮುಂತಾದ ಭೇದಗಳು ಯುರೋಪಿನ ಚರಿತ್ರೆಯಲ್ಲಿ ಹುಟ್ಟಿದವು, ಅವನ್ನು ಭಾರತದ ಮೇಲೆ ಹೇರಲಾಗಿದೆ ಎಂದು ಅವರು ಹೇಳಿಕೆ ಹೊರಡಿಸಿದರು. ಇದರಿಂದ ಆಂಗ್ಲಿಕನ್ ಸಭೆ ಮತ್ತು ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ 1908ರಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ಐಕ್ಯ ಸಭೆಯ ನಡುವೆ ಮಾತುಕತೆ ಆರಂಭವಾಯಿತು. 1925ರಲ್ಲಿ ಮೆಥಡಿಸ್ಟರೂ ಕೂಡಿಕೊಂಡರು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ ಬಲವಾಗಿದ್ದುದರಿಂದ ಕನ್ನಡ ಸಭೆಗಳೂ ಈ ಮಾತುಕತೆಯ ವ್ಯಾಪ್ತಿಗೆ ಬಂದವು. ಹಲವು ಪಂಗಡಗಳ ವಿದ್ಯಾರ್ಥಿಗಳು ಒಟ್ಟಿಗೆ ಓದುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಬೆಂಗಳೂರಿನಲ್ಲಿ 1910ರಿಂದಲೇ ನಡೆಯುತ್ತಿತ್ತು.

ದೊಡ್ಡ ತೊಡಕು ಬಿಷಪ್ ಹುದ್ದೆಯದು. ಅಪೊಸ್ತಲರಿಂದ ಇಳಿದುಬಂದ ಪರಂಪರೆಯ ಬಿಷಪ್ಪರಿಂದಲೇ ಗುರುದೀಕ್ಷೆ ಆಗಬೇಕೆಂದು ಆಂಗ್ಲಿಕನ್ನರು ನಂಬುತ್ತಾರೆ. ಉಳಿದವರಲ್ಲಿ ಅಂಥ ಬಿಷಪ್ಪರಿಲ್ಲ. ಅವರ ಪಾಲಕರಿಗೆ ಮತ್ತೆ ದೀಕ್ಷೆ ಕೊಟ್ಟರೆ ಅವರು ಈವರೆಗೆ ಮಾಡಿದ ಸೇವೆಯನ್ನೇ ಅಲ್ಲಗಳೆದಂತೆ. 1929ರ ಯೋಜನೆ ಇದಕ್ಕೆ ದಾರಿ ಕಂಡುಕೊಂಡಿತು. ಐಕ್ಯದ ದಿನ ಸೇವೆಯಲ್ಲಿರುವ ಎಲ್ಲ ಪಾಲಕರನ್ನೂ ಇದ್ದಂತೆಯೇ ಒಪ್ಪಿಕೊಳ್ಳುವುದು, ಅಂದಿನಿಂದ ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರಿಂದಲೇ ಆಗುವುದು, ಬೆಳೆದು ಒಂದಾಗಲು 30 ವರ್ಷ ಅವಕಾಶ ಕೊಡುವುದು. ಬಿಷಪ್ಪರು ಚುನಾಯಿತರಾಗಿ, ಸಂವಿಧಾನಕ್ಕೆ ಬದ್ಧರಾಗಿ ಆಡಳಿತ ನಡೆಸಬೇಕು.

1927ರಲ್ಲಿ ಲೊಸಾನ್‌ನ ಸಭೆಗಳ ಐಕ್ಯ ಕುರಿತ ವಿಶ್ವಸಮ್ಮೇಳನದಲ್ಲಿ ಅಜರಯ್ಯ ಭಾರತದ ಐಕ್ಯದ ಪ್ರಯತ್ನವನ್ನು ಮುಂದಿಟ್ಟರು. ಪಶ್ಚಿಮದವರಿಗೆ ಸಭೆಯ ಒಡಕು ಒಂದು ದೌರ್ಬಲ್ಯವಾಗಿ ಕಾಣಬಹುದು, ಕ್ರೈಸ್ತೇತರ ನಾಡುಗಳಲ್ಲಿ ಅದು ಪಾಪ ಎಂಬುದು ಅವರ ವಾದ. ಆಂಗ್ಲಿಕನ್ ಬಿಷಪ್ಪರು ಸೇರುವ ಲ್ಯಾಂಬೆತ್ ಸಮ್ಮೇಳನ 1930ರಲ್ಲಿ ಯೋಜನೆಗೆ ಪ್ರೋತ್ಸಾಹ ಕೊಟ್ಟಿತು. ಬಿಷಪ್ ಪರಂಪರೆಗೆ ಹೆಚ್ಚು ಒತ್ತು ಕೊಡುವ ಇಂಗ್ಲೆಂಡಿನ ಆಂಗ್ಲೊ-ಕ್ಯಾಥಲಿಕ್ ಪಕ್ಷ ಮಾತ್ರ ತೀವ್ರವಾಗಿ ಪ್ರತಿಭಟಿಸಿತು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಇದರ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಪ್ರಕಟಿಸಿದರು.

1945ರ ಜನವರಿ 1ರಂದು ಅಜರಯ್ಯ ದೋರ್ನಕಲ್‌ನಲ್ಲಿ ತೀರಿಕೊಂಡರು. ಅದೇ ತಿಂಗಳು ಭಾರತ, ಬರ್ಮಾ, ಸಿಲೋನ್ ಆಂಗ್ಲಿಕನ್ ಸಭೆಯ ಮಹಾಸಭೆ ಯೋಜನೆಯನ್ನು ಅಂಗೀಕರಿಸಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ಸ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಅಸ್ತಿತ್ವಕ್ಕೆ ಬಂತು. ಬಿಷಪ್ ಪರಂಪರೆಯ ಸಭೆಯೂ ಆ ಪರಂಪರೆಯಿಲ್ಲದ ಸಭೆಗಳೂ ಹೀಗೆ ಒಂದಾದದ್ದು ಆಧುನಿಕ ಸಭಾಚರಿತ್ರೆಯಲ್ಲಿ ಅದೇ ಮೊದಲು. ಮೈಸೂರು ಅದರ ಮೊದಲ ಸಭಾಪ್ರಾಂತಗಳಲ್ಲೊಂದು, ಬಿಷಪ್ ಪಿ. ಗುರುಶಾಂತ ಅಲ್ಲಿನ ಮೊದಲ ಬಿಷಪ್. ಅಜರಯ್ಯನವರದೇ ಸಭಾಪ್ರಾಂತದ ನಂದ್ಯಾಲ ಭಾಗದ ಹಲವು ಸಭೆಗಳು ಮಾತ್ರ ಐಕ್ಯಕ್ಕೆ ಒಪ್ಪದೆ ವರ್ಷಗಟ್ಟಲೆ ಹೊರಗೇ ಉಳಿದವು.

ಅಜರಯ್ಯನವರ ಸ್ಥಾನ

ಅಜರಯ್ಯನವರ ಆಡಳಿತದಲ್ಲಿ ಹಿರಿಯಣ್ಣನ ಅಧಿಕಾರದ ಧೋರಣೆ ಇತ್ತು ಎಂಬ ಟೀಕೆಯಿದೆ. ಮಾಲ ಮಾದಿಗರ ನಡುವಿನ ಅಂತರ ಅವರ ಕಾಲದಲ್ಲಿ ಪೂರ್ತಿ ಅಳಿಯಲಿಲ್ಲ. ಸಾಮೂಹಿಕ ಮತಾಂತರದ ಬಗ್ಗೆ ಗಾಂಧೀಜಿ ಎತ್ತಿದ ಪ್ರಶ್ನೆಗಳು ಇಂದಿಗೂ ಚರ್ಚೆಯಲ್ಲಿವೆ. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಅವರ ಸಾಧನೆ ದೊಡ್ಡದು. ವಿದೇಶಿ ಹಣಕ್ಕೆ ಕೈಚಾಚದ ಮಿಷನರಿ ಸಂಘ, ಹಳ್ಳಿಯ ಭಾಷೆಯಲ್ಲೇ ತಯಾರಾದ ಪಾಲಕವರ್ಗ, ಕೂಲಿಕಾರನನ್ನು ಹೊಣೆಗಾರನನ್ನಾಗಿ ಕಂಡ ಬೋಧನೆ, ಪಂಗಡ ಮೀರಿದ ಸಭೆ ಇವು ನಾಲ್ಕೂ ಅವರ ಕೊಡುಗೆ.

ಭಾರತೀಯ ಕ್ರೈಸ್ತ ದೇವಶಾಸ್ತ್ರವನ್ನು ಅಭ್ಯಾಸ ಮಾಡುವವರು ವೇದಾಂತದೊಂದಿಗೆ ಸಂವಾದ ನಡೆಸಿದ ಚಿಂತಕರನ್ನು ಹೆಚ್ಚಾಗಿ ಓದುತ್ತಾರೆ. ಅವರ ಸಾಲಿನಲ್ಲಿ ಅಜರಯ್ಯನವರಿಗೂ ಸ್ಥಾನ ಸಲ್ಲಬೇಕು. ಸಭೆ ಸಮಾನರ ಬಳಗವಾಗಿದೆಯೇ ಎಂಬುದೇ ಅವರು ಇಟ್ಟ ಒರೆಗಲ್ಲು. ಪ್ರತ್ಯೇಕ ಸ್ಮಶಾನ, ಜಾತಿ ನೋಡಿ ನಡೆಯುವ ಮದುವೆ, ಅಧಿಕಾರದ ಹಂಚಿಕೆಯಲ್ಲಿ ಕುಲದ ಲೆಕ್ಕ ಇನ್ನೂ ಇರುವ ಕಡೆಗಳಲ್ಲಿ ದಕ್ಷಿಣ ಭಾರತದ ಸಭೆಗಳು ಆ ಒರೆಗಲ್ಲಿಗೆ ತಮ್ಮನ್ನು ತಾವು ಉಜ್ಜಿ ನೋಡಿಕೊಳ್ಳಬೇಕಾಗಿದೆ.